ಗುಡ್ಡವಿಲ್ಲದ ಊರಿನ ಅಗಲ ಚಿತ್ರಗಳು: ಹಳೇ ಕಲ್ಕತ್ತಾ ಪನೋರಮಾಗಳನ್ನು ನೋಡುವುದು ಹೇಗೆ?

‘ಇನ್ನೂರು ವರ್ಷದ ಹಿಂದಿನ ಕಲ್ಕತ್ತಾ ನೋಡಿ’ ಅಂತ ಒಂದಷ್ಟು ಚಿತ್ರಗಳು ಆಗಾಗ ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಅಗಲವಾದ ಹೂಗ್ಲಿ ನದಿ, ಹಾಯಿ ಬಿಚ್ಚಿದ ಹಡಗುಗಳು, ದಡದುದ್ದಕ್ಕೂ ಕಂಬಗಳ ಬಿಳಿ ಮನೆಗಳು, ಮೇಲೆ ದೊಡ್ಡ ಆಕಾಶ. ಎಷ್ಟು ಚೊಕ್ಕವಾಗಿವೆ ಅಂದರೆ, ಬಣ್ಣ ಹಾಕಿದ ಫೋಟೋ ಇರಬಹುದು ಅಂತಲೇ ಹಲವರು ಅಂದುಕೊಳ್ಳುತ್ತಾರೆ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಈ ಚಿತ್ರಗಳಲ್ಲಿ ಬಹಳಷ್ಟು ಅದಕ್ಕಿಂತ ಹಳೆಯವು, ಕೈಯಲ್ಲಿ ಬರೆದವು.

ಹಾಗಾದರೆ ಊರು ನಿಜಕ್ಕೂ ಹಾಗೇ ಇತ್ತಾ? ಅದನ್ನು ತಿಳಿಯಲು ಪ್ರತಿ ಚಿತ್ರಕ್ಕೂ ಒಂದು ಪ್ರಶ್ನೆ ಕೇಳಬೇಕು: ಬರೆದವನು ಎಲ್ಲಿ ನಿಂತಿದ್ದ? ಕಲ್ಕತ್ತಾದ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಎರಡು ಬಗೆಗಳನ್ನು ಬೇರೆ ಮಾಡಿಕೊಳ್ಳೋಣ

ಉದ್ದುದ್ದ ಇರುವ ಯಾವುದೇ ನೋಟವನ್ನು ನಾವೀಗ ಪನೋರಮಾ ಅನ್ನುತ್ತೇವೆ. ಆ ಕಾಲದಲ್ಲಿ ಇದರಲ್ಲಿ ಎರಡು ಬಗೆ ಇದ್ದವು.

ಒಂದು, ಅಗಲ ನೋಟದ ಚಿತ್ರ. ಕ್ಯಾನ್ವಾಸ್ ಅಥವಾ ಕಾಗದದ ಮೇಲೆ ಊರಿನ ಒಂದು ಮಗ್ಗುಲನ್ನು ಎಡದಿಂದ ಬಲಕ್ಕೆ ಹಾಸಿದಂತೆ ಬರೆಯುವುದು. ಇದನ್ನು ಗೋಡೆಗೆ ತೂಗುಹಾಕಬಹುದು, ಪುಸ್ತಕದಲ್ಲಿ ಕಟ್ಟಿಸಿ ಇಟ್ಟುಕೊಳ್ಳಬಹುದು.

ಇನ್ನೊಂದು, ಪೂರ್ತಿ ಸುತ್ತು ನೋಟ, ಅಂದರೆ 360 ಡಿಗ್ರಿ. ಇದಕ್ಕಾಗಿಯೇ ದುಂಡಗಿನ ಕಟ್ಟಡ ಕಟ್ಟುತ್ತಿದ್ದರು. ಒಳಗೋಡೆಯ ಸುತ್ತ ಕ್ಯಾನ್ವಾಸ್ ಇರುತ್ತಿತ್ತು, ನೋಡುವವರು ನಡುವೆ ನಿಲ್ಲುತ್ತಿದ್ದರು. ಪನೋರಮಾ ಎಂಬ ಹೆಸರು ಮೊದಲು ಬಂದಿದ್ದು ಇದಕ್ಕೇ. ಕಲ್ಕತ್ತಾವನ್ನು ಎರಡೂ ಬಗೆಯಲ್ಲಿ ಚಿತ್ರಿಸಿದರು.

ಊರನ್ನೇ ನೋಡದೆ ಬರೆದ ಚಿತ್ರ

1732ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ತನ್ನ ಮುಖ್ಯ ಕಚೇರಿಗಾಗಿ ಆರು ತೈಲಚಿತ್ರಗಳನ್ನು ಮಾಡಿಸಿತು. ಬಾಂಬೆ, ಮದ್ರಾಸು, ತಲಶ್ಶೇರಿ, ಕಲ್ಕತ್ತಾದ ಫೋರ್ಟ್ ವಿಲಿಯಂ, ಆಫ್ರಿಕಾದ ಕೇಪ್, ಸೇಂಟ್ ಹೆಲೆನಾ. ಎಲ್ಲವೂ ಕಂಪನಿಯ ಹಡಗುಗಳು ತಂಗುತ್ತಿದ್ದ ಜಾಗಗಳು. ಬರೆದವರು ಇಬ್ಬರು. ಜಾರ್ಜ್ ಲ್ಯಾಂಬರ್ಟ್ ನೆಲ ಮತ್ತು ಕಟ್ಟಡ ಬರೆದರೆ, ಸ್ಯಾಮ್ಯುಯೆಲ್ ಸ್ಕಾಟ್ ನೀರು ಮತ್ತು ಹಡಗು ಬರೆದ.

ಇಬ್ಬರೂ ಭಾರತಕ್ಕೆ ಬಂದವರಲ್ಲ. ಬೇರೆಯವರು ತಂದುಕೊಟ್ಟ ನಕ್ಷೆ, ರೇಖಾಚಿತ್ರಗಳನ್ನು ಇಟ್ಟುಕೊಂಡು ಲಂಡನ್ನಿನಲ್ಲೇ ಕೂತು ಬರೆದರು. ಫೋರ್ಟ್ ವಿಲಿಯಂ ಚಿತ್ರದಲ್ಲಿ ಮುಂದೆ ಎದ್ದು ಕಾಣುವುದು ಹಡಗುಗಳು. ಅವುಗಳ ಹಿಂದೆ ಕೋಟೆ, ಪಕ್ಕದಲ್ಲಿ ಸೇಂಟ್ ಆನ್ ಚರ್ಚಿನ ಚೂಪು ಗೋಪುರ. ಕಂಪನಿಯ ನಿರ್ದೇಶಕರಿಗೆ ಬೇಕಾಗಿದ್ದೂ ಅದೇ: ನಮ್ಮ ಹಡಗು, ನಮ್ಮ ಕೋಟೆ, ನಮ್ಮ ವ್ಯಾಪಾರ.

ಆ ಗೋಪುರ 1737ರ ಚಂಡಮಾರುತಕ್ಕೆ ಉರುಳಿತು. 1756ರಲ್ಲಿ ಬಂಗಾಳದ ನವಾಬ ಸಿರಾಜುದ್ದೌಲಾ ಕೋಟೆಯನ್ನೇ ವಶಪಡಿಸಿಕೊಂಡ. ಊರಿನ ಚಹರೆ ಪೂರಾ ಬದಲಾಯಿತು. ಲಂಡನ್ನಿನ ಗೋಡೆಯ ಮೇಲಿನ ಕಲ್ಕತ್ತಾ ಮಾತ್ರ ಹಾಗೇ ಇತ್ತು.

ಗುಡ್ಡವಿಲ್ಲದ ಊರಲ್ಲಿ ನಿಲ್ಲುವುದೆಲ್ಲಿ?

ಇಡೀ ಊರನ್ನು ಒಟ್ಟಿಗೆ ನೋಡಬೇಕಾದರೆ ನಾವು ಎತ್ತರದ ಜಾಗ ಹುಡುಕುತ್ತೇವೆ. ಮೈಸೂರು ನೋಡಲು ಚಾಮುಂಡಿ ಬೆಟ್ಟ ಹತ್ತುತ್ತೇವೆ, ಅಲ್ವಾ? ಕಲ್ಕತ್ತಾದಲ್ಲಿ ಅಂಥದ್ದೇನೂ ಇಲ್ಲ. ಅದು ಗಂಗೆಯ ಮುಖಜಭೂಮಿ. ನದಿ ತಂದು ಹರಡಿದ ಮೆಕ್ಕಲು ಮಣ್ಣು. ಸುತ್ತ ಎಲ್ಲಿ ನೋಡಿದರೂ ಚಪ್ಪಟೆ ನೆಲ.

ಹೀಗಾಗಿ ಕಲಾವಿದನಿಗೆ ಮೂರೇ ದಾರಿ ಇದ್ದವು. ನದಿಯ ಮೇಲಿಂದಲೋ ಆಚೆ ದಡದಿಂದಲೋ ನೋಡುವುದು. ಯಾವುದಾದರೂ ಮನೆಯ ತಾರಸಿ ಹತ್ತುವುದು. ಇಲ್ಲವೇ ದೊಡ್ಡ ಬಯಲಿನ ಅಂಚಿನಲ್ಲಿ ನಿಂತು ಆಚೆ ಬದಿಯ ಕಟ್ಟಡಗಳ ಸಾಲನ್ನು ಬರೆಯುವುದು.

ಮೊದಲನೆಯದು ಸಹಜವಾಗಿತ್ತು. ಕಲ್ಕತ್ತಾ ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದ್ದರೂ ಅದು ಬಂದರು. ಹಡಗುಗಳು ಹೂಗ್ಲಿಯಲ್ಲೇ ಮೇಲಕ್ಕೆ ಬರುತ್ತಿದ್ದವು. ಯುರೋಪಿನಿಂದ ಬಂದವರಿಗೆ ಊರಿನ ಮೊದಲ ದರ್ಶನ ಆಗುತ್ತಿದ್ದುದು ನೀರಿನ ಮೇಲಿಂದ. ದಿನಗಟ್ಟಲೆ ಕೆಸರು ದಂಡೆ, ಕಾಡು ನೋಡಿ ಬಂದವರಿಗೆ ಕೊನೆಯ ತಿರುವಿನಲ್ಲಿ ಗಾರ್ಡನ್ ರೀಚಿನ ತೋಟದ ಮನೆಗಳು ಕಾಣುತ್ತಿದ್ದವು. ಚಿತ್ರಗಳಲ್ಲಿ ನದಿ ದಡ ಅಷ್ಟು ಜಾಸ್ತಿ ಬರುವುದಕ್ಕೆ ಕಾರಣ ಇದೇ.

ಮೂರನೆಯದರ ಹಿಂದೆ ಒಂದು ಸೈನಿಕ ಲೆಕ್ಕವಿದೆ. ಹಳೇ ಕೋಟೆ ಸೋತಿದ್ದಕ್ಕೆ ಒಂದು ಕಾರಣ, ಅದರ ಸುತ್ತ ಮನೆಗಳು ಒತ್ತೊತ್ತಾಗಿ ಇದ್ದಿದ್ದು. ಶತ್ರುಗಳು ಆ ಮನೆಗಳನ್ನೇ ಮರೆಯಾಗಿ ಬಳಸಿಕೊಂಡರು. ಆದ್ದರಿಂದ 1757ರಲ್ಲಿ ಪ್ಲಾಸಿ ಯುದ್ಧ ಗೆದ್ದ ಮೇಲೆ ಕಂಪನಿಯವರು ದಕ್ಷಿಣಕ್ಕೆ ಗೋಬಿಂದಪುರ ಎಂಬ ಹಳ್ಳಿಯ ಜಾಗದಲ್ಲಿ ಹೊಸ ಕೋಟೆ ಕಟ್ಟಿದರು. ಹಳ್ಳಿಯವರನ್ನು ಎಬ್ಬಿಸಿದರು, ಕಾಡು ಕಡಿಸಿದರು, ಕೋಟೆಯ ಸುತ್ತ ಯಾವ ಅಡ್ಡಿಯೂ ಇಲ್ಲದಂತೆ ಬಯಲು ಮಾಡಿದರು. ಕೋಟೆಯ ಫಿರಂಗಿಗಳಿಗೆ ಎದುರಿಗೆ ಏನೂ ಅಡ್ಡ ಬರಬಾರದಿತ್ತು. ಆ ಬಯಲೇ ಇವತ್ತಿನ ಮೈದಾನ.

ಮೈದಾನದ ಅಂಚಿನ ಎಸ್‌ಪ್ಲನೇಡ್, ಚೌರಂಗಿ ರಸ್ತೆಗಳ ಬಿಳಿ ಮನೆಗಳ ಸಾಲು ಹಳೇ ಚಿತ್ರಗಳಲ್ಲಿ ಅಷ್ಟು ವಿಶಾಲವಾಗಿ, ಅಷ್ಟು ಗಂಭೀರವಾಗಿ ಕಾಣುವುದು ಈ ಬಯಲಿನಿಂದಾಗಿ. ನಾವು ಮೆಚ್ಚುವ ಆ ತೆರಪು ಮೊದಲು ಹುಟ್ಟಿದ್ದು ಗುಂಡು ಹಾರಿಸಲು. ಇದು ಗೊತ್ತಾದ ಮೇಲೆ ನನಗಂತೂ ಆ ಚಿತ್ರಗಳನ್ನು ಬರೀ ಚೆಂದದ ನೋಟವಾಗಿ ನೋಡಲು ಆಗಿಲ್ಲ.

ಚಿಕ್ಕಪ್ಪ, ಹುಡುಗ ಮತ್ತು ತಾಮ್ರದ ತಗಡು

ಕಲ್ಕತ್ತಾದ ಬೀದಿಗಳನ್ನು ಮೊದಲ ಬಾರಿಗೆ ಸಾಲಾಗಿ, ಸ್ಥಳದಲ್ಲೇ ನಿಂತು ಚಿತ್ರಿಸಿದವರು ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ. 1786ರಲ್ಲಿ ಅವರು ಬಂದಿಳಿದಾಗ ವಿಲಿಯಂ ಇನ್ನೂ ಹದಿಹರೆಯದ ಹುಡುಗ. ಉತ್ತರ ಭಾರತವನ್ನೆಲ್ಲ ಸುತ್ತಿ ಚಿತ್ರ ಬರೆಯುವುದು ಅವರ ಗುರಿ. ಅದಕ್ಕೆ ದುಡ್ಡು ಬೇಕಿತ್ತು. ಕಲ್ಕತ್ತಾದ ಹನ್ನೆರಡು ನೋಟಗಳನ್ನು ಅಚ್ಚು ಹಾಕಿ ಅಲ್ಲಿನ ಇಂಗ್ಲಿಷರಿಗೇ ಮಾರಿದರೆ ಹೇಗೆ ಅಂತ ಯೋಚಿಸಿದರು.

ಕೆಲಸ ಮುಗಿಯಲು 1788ರ ಕೊನೆಯಾಯಿತು. ಊರಲ್ಲಿ ಆ ಬಗೆಯ ಅಚ್ಚಿನ ಕೆಲಸ ಬಲ್ಲವರು ಇಲ್ಲದಂತೆಯೇ ಇತ್ತು. ಚಿತ್ರಕಾರ, ಕೊರೆಯುವವ, ತಾಮ್ರದ ಕೆಲಸದವ, ಮುದ್ರಕ, ಮುದ್ರಕನ ಕೈಯಾಳು ಎಲ್ಲವೂ ತಾನೇ ಆಗಬೇಕಾಯಿತು ಎಂದು ಥಾಮಸ್ ಗೆಳೆಯನಿಗೆ ಬರೆದ ಕಾಗದದಲ್ಲಿ ತೋಡಿಕೊಂಡಿದ್ದಾನೆ.

ಅವರು ಬಳಸಿದ ವಿಧಾನದ ಹೆಸರು ಅಕ್ವಾಟಿಂಟ್. ಅದು ಹೀಗೆ ನಡೆಯುತ್ತದೆ. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸುತ್ತಾರೆ. ತಗಡನ್ನು ಕಾಯಿಸಿದರೆ ಪುಡಿ ಕರಗಿ ಅಲ್ಲಲ್ಲೇ ಚುಕ್ಕಿ ಚುಕ್ಕಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ತಗಡನ್ನು ಆಸಿಡ್‌ನಲ್ಲಿ ಇಡುತ್ತಾರೆ. ರಾಳ ಇರುವ ಕಡೆ ಆಸಿಡ್ ಕಚ್ಚುವುದಿಲ್ಲ. ಚುಕ್ಕಿಗಳ ನಡುವಿನ ಸಂದಿಯಲ್ಲಿ ಕಚ್ಚುತ್ತದೆ. ಹೆಚ್ಚು ಹೊತ್ತು ಬಿಟ್ಟ ಕಡೆ ಆಳವಾಗಿ ಕೊರೆಯುತ್ತದೆ, ಅಲ್ಲಿ ಜಾಸ್ತಿ ಶಾಯಿ ನಿಲ್ಲುತ್ತದೆ, ಅಚ್ಚಿನಲ್ಲಿ ಕಪ್ಪಾಗುತ್ತದೆ. ಬೇಗ ತೆಗೆದ ಕಡೆ ತೆಳುವಾಗಿ ಉಳಿಯುತ್ತದೆ. ಏನೂ ಆಗಬಾರದ ಭಾಗಕ್ಕೆ ಮೊದಲೇ ವಾರ್ನಿಶ್ ಬಳಿದಿರುತ್ತಾರೆ. ಹೀಗೆ ಹಂತಹಂತವಾಗಿ ಮಾಡಿದರೆ ಮೋಡ, ನೀರು, ನೆರಳುಗಳು ನೀರುಬಣ್ಣದಲ್ಲಿ ತೊಳೆದ ಹಾಗೆ ಮೂಡುತ್ತವೆ. ಅಚ್ಚಾದ ಹಾಳೆಗೆ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಅದಕ್ಕೇ ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಆಕಾಶದ ಬಣ್ಣ ಬೇರೆ ಬೇರೆ ಇರುವುದುಂಟು.

ಅಳತೆ ತಪ್ಪದಿರಲು ಡೇನಿಯಲ್‌ಗಳು ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಪೆಟ್ಟಿಗೆಯನ್ನೂ ಬಳಸುತ್ತಿದ್ದರು. ಕತ್ತಲ ಪೆಟ್ಟಿಗೆಗೆ ಒಂದು ಮಸೂರ. ಎದುರಿನ ದೃಶ್ಯ ಒಳಗೆ ಬೆಳಕಿನ ಚಿತ್ರವಾಗಿ ಬೀಳುತ್ತದೆ. ಅದರ ಗೆರೆಗಳ ಮೇಲೆ ಪೆನ್ಸಿಲ್ ಓಡಿಸಿದರೆ ಕಟ್ಟಡದ ಕಂಬ, ಕಿಟಕಿ ಸರಿಯಾದ ಜಾಗದಲ್ಲಿ ಕೂರುತ್ತವೆ.

ಕಟ್ಟಡಗಳಿಗಿಂತ ನನಗೆ ಈ ಚಿತ್ರಗಳಲ್ಲಿ ಹೆಚ್ಚು ಇಷ್ಟವಾಗುವುದು ಬೀದಿ. ಪಲ್ಲಕ್ಕಿ ಹೊತ್ತ ಬೋಯಿಗಳು, ಎತ್ತಿನ ಗಾಡಿ, ಕೊಡ ಹೊತ್ತವರು, ಬಿಡಾಡಿ ನಾಯಿಗಳು. ಆ ಕಾಲದ ಕಲ್ಕತ್ತಾ ಚಿತ್ರಗಳಲ್ಲಿ ಕಟ್ಟಡಗಳ ನೆತ್ತಿಯ ಮೇಲೆ ಉದ್ದ ಕಾಲಿನ ದೊಡ್ಡ ಕೊಕ್ಕರೆಗಳೂ ಕಾಣುತ್ತವೆ. ಬಂಗಾಳಿಗಳು ಅದನ್ನು ಹಾಡ್‌ಗಿಲಾ ಅನ್ನುತ್ತಾರೆ. ಊರಿನ ಕಸ, ಸತ್ತ ಪ್ರಾಣಿಗಳನ್ನು ತಿಂದು ಬದುಕುತ್ತಿದ್ದ ಈ ಹಕ್ಕಿ ಇವತ್ತು ಮುಖ್ಯವಾಗಿ ಅಸ್ಸಾಂ, ಬಿಹಾರದಲ್ಲಿ ಉಳಿದಿದೆ.

ಸುತ್ತು ಚಿತ್ರದ ಒಳಗೆ ನಿಲ್ಲುವುದು

ಅದೇ ಹೊತ್ತಿಗೆ, 1787ರಲ್ಲಿ, ಎಡಿನ್‌ಬರೋದಲ್ಲಿದ್ದ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ಒಂದು ಪೇಟೆಂಟ್ ಪಡೆದ. ಒಂದು ಜಾಗದಲ್ಲಿ ನಿಂತು ಸುತ್ತ ತಿರುಗಿದಾಗ ಕಾಣುವ ಎಲ್ಲವನ್ನೂ ಒಂದೇ ಚಿತ್ರವಾಗಿ ತೋರಿಸುವ ವಿಧಾನ ಅದು. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಬಳಿ ಅದಕ್ಕೆಂದೇ ದುಂಡು ಕಟ್ಟಡ ಎದ್ದಿತು. ಅದರ ದೊಡ್ಡ ವೃತ್ತದ ಕ್ಯಾನ್ವಾಸ್ ಸುಮಾರು 10,000 ಚದರ ಅಡಿ.

ಕಷ್ಟ ಇದ್ದಿದ್ದು ಗೆರೆಯಲ್ಲಿ. ನಿಮ್ಮ ಫೋನಿನ ಪನೋರಮಾ ಮೋಡ್‌ನಲ್ಲಿ ಮನೆ ಮುಂದಿನ ರಸ್ತೆಯ ಫೋಟೋ ತೆಗೆದು ನೋಡಿ. ನೇರ ರಸ್ತೆ ಬಿಲ್ಲಿನಂತೆ ಬಾಗಿರುತ್ತದೆ. ಸುತ್ತಿನ ನೋಟವನ್ನು ಚಪ್ಪಟೆಯಾಗಿ ಬಿಡಿಸಿದರೆ ಹಾಗಾಗುತ್ತದೆ. ಬಾರ್ಕರ್ ಇದನ್ನೇ ತಿರುಗುಮುರುಗು ಮಾಡಿದ. ಗೆರೆಗಳನ್ನು ಬೇಕೆಂದೇ ಬಾಗಿಸಿ ಬರೆದರೆ, ದುಂಡು ಗೋಡೆಗೆ ಹಚ್ಚಿ ನಡುವಿನಿಂದ ನೋಡುವಾಗ ಅವು ನೇರವಾಗಿ ಕಾಣುತ್ತವೆ.

ಇನ್ನೊಂದು ಕಷ್ಟ, ಇದು ಚಿತ್ರ ಅನ್ನುವುದನ್ನೇ ಮರೆಸುವುದು. ನೋಡಲು ಬಂದವರು ಮೊದಲು ಕತ್ತಲೆ ಹಾದಿಯಲ್ಲಿ ನಡೆದು ಬರಬೇಕಿತ್ತು. ಕಣ್ಣು ಹೊರಗಿನ ಬೆಳಕನ್ನು ಮರೆಯುತ್ತಿತ್ತು. ನಡುವಿನ ಅಟ್ಟಕ್ಕೆ ಹತ್ತಿದರೆ ಮೇಲಿಂದ ಬೆಳಕು ಕ್ಯಾನ್ವಾಸಿನ ಮೇಲೆ ಮಾತ್ರ ಬೀಳುತ್ತಿತ್ತು. ಕ್ಯಾನ್ವಾಸಿನ ಮೇಲಂಚು, ಕೆಳಂಚು ಎರಡೂ ಕಾಣದಂತೆ ಮರೆ ಮಾಡಿರುತ್ತಿದ್ದರು. ಚಿತ್ರ ಎಲ್ಲಿ ಮುಗಿಯುತ್ತದೆ ಅಂತ ತಿಳಿಯದಿದ್ದರೆ ಕಣ್ಣಿಗೆ ದೂರ ಹತ್ತಿರದ ಲೆಕ್ಕವೇ ಸಿಗುವುದಿಲ್ಲ.

ಈ ಕಟ್ಟಡವನ್ನು ಮುಂದೆ ನಡೆಸಿದ ರಾಬರ್ಟ್ ಬರ್ಫರ್ಡ್ 1830ರಲ್ಲಿ ಅಲ್ಲಿ ಕಲ್ಕತ್ತಾವನ್ನು ತೋರಿಸಿದ. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗಬೇಕಿದ್ದ ಊರು ಲಂಡನ್ನಿನ ಜನಕ್ಕೆ ಟಿಕೆಟ್ ದುಡ್ಡಿಗೆ ಸಿಕ್ಕಿತು. ಮಗನೋ ತಮ್ಮನೋ ಕಂಪನಿ ನೌಕರಿಯಲ್ಲಿದ್ದ ಮನೆಗಳು ಎಷ್ಟೋ ಇದ್ದವು. ನಮ್ಮವನು ಇರುವ ಊರು ಹೇಗಿದೆ ಅಂತ ನೋಡುವ ಆಸೆ ಯಾರಿಗೆ ಇರುವುದಿಲ್ಲ? ಪ್ರದರ್ಶನದ ಜೊತೆ ಒಂದು ಪುಸ್ತಿಕೆ ಮಾರುತ್ತಿದ್ದರು. ಅದರಲ್ಲಿ ಇಡೀ ನೋಟದ ರೇಖಾಚಿತ್ರ, ಒಂದೊಂದು ಕಟ್ಟಡಕ್ಕೆ ಒಂದೊಂದು ನಂಬರು, ಪಕ್ಕದಲ್ಲಿ ವಿವರಣೆ.

ಇದರ ನಡುವೆ ಶ್ರೀರಂಗಪಟ್ಟಣ

ಲಂಡನ್ನಿಗರು ಈ ಬಗೆಯ ಭಾರೀ ಕ್ಯಾನ್ವಾಸಿನಲ್ಲಿ ಕಲ್ಕತ್ತಾಗಿಂತ ಮೂವತ್ತು ವರ್ಷ ಮೊದಲೇ ಕಂಡಿದ್ದ ಭಾರತದ ನದಿಯ ಊರು ನಮ್ಮದೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದಕ್ಕೆ ಬರೆದು ಲಂಡನ್ನಿನ ಲೈಸಿಯಂ ಎಂಬ ಪ್ರದರ್ಶನ ಮಂದಿರದಲ್ಲಿ ತೋರಿಸಿದ. ಪೂರ್ತಿ ಸುತ್ತಲ್ಲದಿದ್ದರೂ ಬಾಗಿದ ಕ್ಯಾನ್ವಾಸ್. ಆರು ವಾರದಲ್ಲಿ ಮುಗಿಸಿದ ಅಂತ ಹೇಳುತ್ತಾರೆ. ಅವನೂ ಕಾವೇರಿ ಕಂಡವನಲ್ಲ. ಜನ ಮುಗಿಬಿದ್ದರು. ಆ ಕ್ಯಾನ್ವಾಸ್ ಆಮೇಲೆ ಬೆಂಕಿಗೆ ಹೋಯಿತು. ಅದನ್ನು ನೋಡಿ ಮಾಡಿದ ಅಚ್ಚುಗಳು ಉಳಿದಿವೆ.

ಕಲ್ಕತ್ತಾ ಚಿತ್ರಗಳಿಗೂ ಈ ಯುದ್ಧಕ್ಕೂ ನೇರ ನಂಟಿದೆ. 1800ರ ನಂತರದ ಬಹುತೇಕ ಅಗಲ ನೋಟಗಳಲ್ಲಿ ಎದ್ದು ಕಾಣುವ ಗುಮ್ಮಟದ ದೊಡ್ಡ ಕಟ್ಟಡ ಗವರ್ನಮೆಂಟ್ ಹೌಸ್, ಅಂದರೆ ಇಂದಿನ ರಾಜ್ಯಪಾಲರ ನಿವಾಸ. ಅದನ್ನು ಕಟ್ಟಿಸಿದವನು ರಿಚರ್ಡ್ ವೆಲ್ಲೆಸ್ಲಿ. ಟಿಪ್ಪುವಿನ ಮೇಲೆ ಕೊನೆಯ ಯುದ್ಧ ಹೂಡಿದ ಗವರ್ನರ್ ಜನರಲ್ ಅವನೇ. ಕೆಲಸ ಶುರುವಾದದ್ದು 1799ರಲ್ಲೇ, ಮುಗಿದದ್ದು 1803ರಲ್ಲಿ. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ.

ಆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೂ ಒಂದು ಅಗಲ ಚಿತ್ರವಿದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಕಂಪನಿ ಸೈನ್ಯವನ್ನು ಮಣಿಸಿದ್ದನ್ನು ಟಿಪ್ಪು ಅಲ್ಲಿ ಬರೆಸಿದ. ಅದಕ್ಕೆ ಒಂದೇ ಒಂದು ನಿಲ್ಲುವ ಜಾಗ ಇಲ್ಲ. ಕುದುರೆಗಳು, ಸಿಪಾಯಿಗಳು ಸಾಲು ಸಾಲಾಗಿ ಒಂದರ ಮೇಲೊಂದು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ನಿಯಮ ಇಲ್ಲ. ಪಲ್ಲಕ್ಕಿಯಲ್ಲಿ ಕೂತ ಕಂಪನಿ ಸೈನ್ಯದ ನಾಯಕ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಎಲ್ಲವೂ ಅಷ್ಟೇ ಸ್ಪಷ್ಟ. ಗೋಡೆಯುದ್ದಕ್ಕೂ ನಡೆಯುತ್ತಾ ಓದಬೇಕು. ಅಗಲ ಚಿತ್ರ ಬರೆಯುವ ವಿದ್ಯೆ ಇಂಗ್ಲಿಷರ ಜೊತೆಗೇ ಬಂತು ಅಂದುಕೊಂಡವರು ಇದನ್ನು ನೋಡಲೇಬೇಕು.

ಚೌಕಟ್ಟಿನ ಹೊರಗೆ ಉಳಿದದ್ದು

ಮತ್ತೆ ಕಲ್ಕತ್ತಾಗೆ ಬರೋಣ. ಬಿಳಿ ಮನೆಗಳನ್ನು ನೋಡಿ ಅಮೃತಶಿಲೆ ಅಂದುಕೊಳ್ಳಬೇಡಿ. ಆ ನೆಲದಲ್ಲಿ ಕಲ್ಲೇ ಸಿಗುವುದಿಲ್ಲ. ಇಟ್ಟಿಗೆ ಕಟ್ಟಿ ಮೇಲೆ ಸುಣ್ಣದ ಗಾರೆ ಮಾಡುತ್ತಿದ್ದರು. ಮಳೆಗಾಲ ಬಂದರೆ ಪಾಚಿ ಹಿಡಿಯುತ್ತಿತ್ತು, ಕಪ್ಪಾಗುತ್ತಿತ್ತು. ಮಾರಾಟದ ಚಿತ್ರಗಳಲ್ಲಿ ಗೋಡೆಗಳು ಸಾಮಾನ್ಯವಾಗಿ ಆಗಷ್ಟೇ ಸುಣ್ಣ ಬಳಿದಂತೆ ಇರುತ್ತವೆ.

ಅದಕ್ಕಿಂತ ದೊಡ್ಡ ವಿಷಯ ಉತ್ತರದ ಊರು. ಇಂಗ್ಲಿಷರು ಇದ್ದದ್ದು ಕೋಟೆ, ಮೈದಾನ, ಚೌರಂಗಿಯ ಸುತ್ತ. ಬಂಗಾಳಿ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಗಳು ಇದ್ದದ್ದು ಉತ್ತರದ ಚಿತ್ಪುರ, ಬಡಾಬಜಾರ್, ಕುಮಾರ್ತುಲಿ ಕಡೆ. ಕೋಟೆಯ ಎದುರಿನ ನದಿಯಿಂದಲೋ ಮೈದಾನದಿಂದಲೋ ನೋಡಿದರೆ ಆ ಭಾಗ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿನ ಬೀದಿಗಳು ಇಕ್ಕಟ್ಟು. ಅಗಲ ನೋಟಕ್ಕೆ ಹಿಂದೆ ಸರಿದು ನಿಲ್ಲಲು ಜಾಗವಿಲ್ಲ. ಕೊಳ್ಳುವವರಿಗೂ ತಮ್ಮ ಮನೆ, ತಮ್ಮ ಚರ್ಚು, ತಮ್ಮ ಕಚೇರಿಯ ಚಿತ್ರ ಬೇಕಿತ್ತು. ಎರಡೂ ಸೇರಿ ಊರಿನ ಹೆಚ್ಚು ಜನ ಇದ್ದ ಭಾಗವೇ ಚಿತ್ರದಿಂದ ಹೊರಗೆ ಉಳಿಯಿತು.

ಪೂರ್ತಿ ಬಿಟ್ಟರು ಅಂತಲ್ಲ. ಡೇನಿಯಲ್‌ಗಳು ಚಿತ್ಪುರ ರಸ್ತೆಯಲ್ಲಿ ಗೋಬಿಂದರಾಮ್ ಮಿತ್ರ ಕಟ್ಟಿಸಿದ ಎತ್ತರದ ದೇವಸ್ಥಾನವನ್ನು ಬರೆದಿದ್ದಾರೆ. 1791ರಲ್ಲಿ ಬಂದ ಫ್ಲಾಂಡರ್ಸ್‌ನ ಬಾಲ್ತಜಾರ್ ಸಾಲ್ವಿನ್ಸ್ ಅಂತೂ ಕಟ್ಟಡ ಬಿಟ್ಟು ಜನರನ್ನೇ ಹಿಡಿದ. ಬಡಗಿ, ಅಗಸ, ಹಾವಾಡಿಗ, ದೋಣಿಗಳು, ವಾದ್ಯಗಳು, ಹಬ್ಬಗಳು: ಒಟ್ಟು 250 ಚಿತ್ರಗಳು. ಅವು ಮಾರಾಟವಾಗಲಿಲ್ಲ. ಮುಂದೆ ಪ್ಯಾರಿಸ್‌ನಲ್ಲಿ ದೊಡ್ಡ ಪುಸ್ತಕವಾಗಿ ತಂದಾಗಲೂ ಅವನು ದುಡ್ಡು ಕಳೆದುಕೊಂಡ. ಯಾವ ಬಗೆಯ ಕಲ್ಕತ್ತಾ ಬಿಕರಿಯಾಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭಾರತೀಯ ಕಲಾವಿದರೂ ಇದ್ದರು. ಕರಾಯಾ ಬಡಾವಣೆಯ ಶೇಖ್ ಮುಹಮ್ಮದ್ ಅಮೀರ್ 1830-40ರ ದಶಕಗಳಲ್ಲಿ ಇಂಗ್ಲಿಷರ ಬಂಗಲೆ, ಕುದುರೆ, ಸಾರೋಟುಗಳನ್ನು ನೀರುಬಣ್ಣದಲ್ಲಿ ಬರೆದುಕೊಡುತ್ತಿದ್ದ. ಅವನ ಚಿತ್ರಗಳಲ್ಲಿ ಕುದುರೆಯ ಪಕ್ಕ ನಿಂತ ಆಳಿಗೂ ಕುದುರೆಯಷ್ಟೇ ಗಮನ ಸಿಗುತ್ತದೆ.

ಎತ್ತರದ ಜಾಗ ಸಿಕ್ಕಿತು, ಕ್ಯಾಮೆರಾವೂ ಬಂತು

1828ರಲ್ಲಿ ಮೈದಾನದ ಉತ್ತರದಂಚಿನಲ್ಲಿ ಆಕ್ಟರ್‌ಲೋನಿ ಸ್ಮಾರಕ ಎದ್ದಿತು. ಸುಮಾರು 48 ಮೀಟರ್ ಎತ್ತರ, ಒಳಗೆ ಸುತ್ತು ಮೆಟ್ಟಿಲು. ಇಂದಿನ ಶಹೀದ್ ಮಿನಾರ್ ಅದೇ. ಗುಡ್ಡವಿಲ್ಲದ ಊರಿಗೆ ಕೊನೆಗೂ ನಿಲ್ಲಲು ಒಂದು ಜಾಗ ಸಿಕ್ಕಿತು. ಫ್ರೆಡ್ರಿಕ್ ಫೀಬಿಗ್ ಅದರ ಮೇಲಿನಿಂದ ಕಂಡ ನೋಟವನ್ನು 1847ರಲ್ಲಿ ಆರು ಭಾಗಗಳ ಕಲ್ಲಚ್ಚಿನ ಪನೋರಮಾ ಆಗಿ ತಂದ. ಕೆಲವೇ ವರ್ಷಗಳಲ್ಲಿ ಅದೇ ಫೀಬಿಗ್ ಕ್ಯಾಮೆರಾ ಹಿಡಿದು ಕಲ್ಕತ್ತಾದ ಫೋಟೋಗಳನ್ನು ತೆಗೆದು, ಅವಕ್ಕೆ ಕೈಯಲ್ಲಿ ಬಣ್ಣ ಹಾಕತೊಡಗಿದ. ಲೆಸ್ಟರ್ ಸ್ಕ್ವೇರಿನ ದುಂಡು ಕಟ್ಟಡ 1863ರಲ್ಲಿ ಬಾಗಿಲು ಮುಚ್ಚಿತು.

ಇವತ್ತು ಹೋದರೆ ಏನು ಸಿಗುತ್ತದೆ

ಡೇನಿಯಲ್‌ಗಳ ಕೃತಿಗಳ ಬಹು ದೊಡ್ಡ ಸಂಗ್ರಹ ಕೋಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿದೆ. ಅವುಗಳನ್ನು ನೋಡಿ, ಆಮೇಲೆ ಹಳೇ ಕೋಟೆ ಇದ್ದ ಜಾಗದ ಪಕ್ಕದ ಚೌಕ ಬಿಬಿಡಿ ಬಾಗ್‌ಗೆ ಹೋಗಿ. ಇವರು ಬರೆದ ಹಳೇ ಕೋರ್ಟ್ ಹೌಸನ್ನು 1792ರಲ್ಲೇ ಕೆಡವಿದರು. ಆ ಜಾಗದಲ್ಲಿ ಈಗ ಸೇಂಟ್ ಆಂಡ್ರ್ಯೂಸ್ ಚರ್ಚ್ ಇದೆ. ಹಳೇ ಕೋಟೆಯ ಉಳಿದ ಗೋಡೆಗಳು 1819ರಲ್ಲಿ ಹೋದವು. ಕಂಪನಿಯ ಗುಮಾಸ್ತರಿಗಾಗಿ ಕಟ್ಟಿದ ರೈಟರ್ಸ್ ಬಿಲ್ಡಿಂಗ್ ಇನ್ನೂ ಇದೆ. ಆದರೆ ಡೇನಿಯಲ್ ಚಿತ್ರದಲ್ಲಿ ಅದು ಅಲಂಕಾರವಿಲ್ಲದ ಉದ್ದನೆಯ ಕಟ್ಟಡ. ಈಗ ಕಾಣುವ ಕೆಂಪು ಮುಂಭಾಗ, ಮೇಲಿನ ಮೂರ್ತಿಗಳು 1880ರ ದಶಕದಲ್ಲಿ ಸೇರಿಸಿದವು.